ಗುಬ್ಬಿ ಎಂಬ ಹೆಸರಿನವರು

ಗಂಡನ ಹೊಸ ಅಂಗಿಯ ಬೆನ್ನಿಗೆ ಕತ್ತರಿ ಇಟ್ಟು ಕಾಲರಿನವರೆಗೆ ಒಂದೇ ಉಸಿರಿಗೆ ಸೀಳಿಬಿಡಬೇಕೆಂದು ಟೈಲರಕ್ಕ ಹೊರಟಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಕೈ ನಿಂತುಬಿಟ್ಟಿತು. ಸೆಟೆದುಕೊಂಡ ಮೈಗೆ ತೋಳು ತೂರಿಸಲು ಆಗುವುದಿಲ್ಲ, ಹಿಂದಿನಿಂದ ಸೀಳಿ ಮುಂದಿನಿಂದ ಹೊದಿಸಬೇಕು ಎಂದು ಶವವಾಹನದವನು ಹೇಳಿ ಹೋಗಿದ್ದ. ಅವನಿಗೇನು, ಹೇಳಿ ಹೋದ. ಆ ಅಂಗಿಯನ್ನು ಅಳತೆ ತೆಗೆದು, ಕತ್ತರಿಸಿ, ಎರಡೆರಡು ಸಲ ಕಾಲರು ಬಿಚ್ಚಿ ಹೊಲಿದವಳು ಅವಳು.

ಬಟ್ಟೆಯ ಇನ್ನೊಂದು ತುದಿ ಹಿಡಿದು ನಿಂತಿದ್ದ ಮೈದುನ ತಲೆ ವಾಲಿಸಿ ಕೇಳಿಸಿಕೊಂಡ. ಅವನಿಗೆ ಹುಟ್ಟಿನಿಂದ ಕಣ್ಣಿಲ್ಲ.

"ಕತ್ತರಿ ಸದ್ದು ನಿಂತೋಯ್ತಲ್ಲ ಅತ್ತಿಗೆ. ನಾನು ಕತ್ತರಿಸ್ಲಾ?"

"ನೀನು ಕತ್ತರಿಸಿದ್ರೆ ನಿಮ್ಮಣ್ಣ ಅರ್ಧ ತೋಳಲ್ಲಿ ಹೋಗ್ಬೇಕಾಗುತ್ತೆ. ಹಿಡ್ಕೋ ಸುಮ್ನೆ."

ಮೈದುನ ನಕ್ಕ. ನಕ್ಕಿದ್ದಕ್ಕೆ ತಾನೇ ನಾಚಿಕೊಂಡು ಮುಖ ತಿರುಗಿಸಿದ. ಅಷ್ಟರಲ್ಲಿ ಕಿಟಕಿಯ ಮೇಲಿದ್ದ ಫೋನು ಬಡಿದುಕೊಂಡಿತು.

ಗಡ್ಡದ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಮಾಡುವವರು, ಗಂಡನ ಹಳೆಯ ಜೊತೆಗಾರ.

"ಅಕ್ಕಾ, ಇಂಥಾ ಹೊತ್ತಲ್ಲಿ ಹೇಳಬಾರದು. ಆದ್ರೂ ಹೇಳ್ತಿದ್ದೀನಿ. ಅಣ್ಣನ ಕಂಪ್ಯೂಟರ್ ರೂಮಿಗೆ ಮೊದ್ಲು ಬೀಗ ಹಾಕಿ. ಕೀ ನಿಮ್ಮ ಹತ್ರಾನೇ ಇರ್ಲಿ."

"ಯಾಕಪ್ಪಾ? ಕಳ್ಳರು ಬರ್ತಾರಾ?"

"ಕಳ್ಳರಾಗಿದ್ರೆ ನಾನು ಹೆದರ್ತಿರ್ಲಿಲ್ಲ." ಮೇಷ್ಟ್ರು ದನಿ ತಗ್ಗಿಸಿದರು. "ಗುಬ್ಬಿ ಬಂದ್ರೂ ಬರಬಹುದು."

ನಿನ್ನೆಯಿಂದ ಹೆಪ್ಪುಗಟ್ಟಿದ್ದ ಟೈಲರಕ್ಕನ ದುಃಖದೊಳಗೆ ಒಂದು ಬಿಸಿ ಎದ್ದಿತು. ಉಳಿದರ್ಧ ಅಂಗಿಯನ್ನು ಅವಳು ಸರ್ರನೆ ಸೀಳಿದಳು.

*

ಗಂಡ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿ ತಂತಿ ಸರಿ ಮಾಡುವ ಕೆಲಸ. ಮನೆಗೆ ಬಂದರೆ ತಮ್ಮನಿಗೆ ಪುಸ್ತಕ ಓದಿ ಹೇಳುವ ಕೆಲಸ. ಓದಿ ಓದಿ ಗಂಟಲು ಕೆಟ್ಟಾಗ, ಇದನ್ನು ಯಂತ್ರವೇ ಓದಿದರೆ ಹೇಗೆ ಅನ್ನಿಸಿತಂತೆ. ಹಳೆಯದೊಂದು ಕಂಪ್ಯೂಟರ್ ತಂದರು, ತಾವೇ ಕಲಿತರು, ತಲೆ ಕೆರೆದುಕೊಂಡು ವರ್ಷಗಟ್ಟಲೆ ಕೂತರು. ಕೊನೆಗೆ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಮು ಹುಟ್ಟಿತು. ಅದಕ್ಕೆ ‘ದನಿ’ ಎಂದು ಹೆಸರಿಟ್ಟರು.

ಆ ದನಿ ಟೈಲರಕ್ಕನದು. ಮದುವೆಯಾದ ಹೊಸತು. ಬಟ್ಟೆಯ ಬೀರುವಿನೊಳಗೆ ರಜಾಯಿ ತುಂಬಿಸಿ, ನಡುವೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮೈಕು ಹಿಡಿದು ಕ, ಕಾ, ಕಿ, ಕೀ ಎಂದು ಹೇಳಿಸಿದ್ದರು. ಹೊರಗಿನ ಸದ್ದು ಒಳಗೆ ಬರಬಾರದಲ್ಲ. ಒಳಗೆ ಬೆವರು ಕಿತ್ತುಕೊಂಡು ಹೋಗುತ್ತಿತ್ತು. ಪಕ್ಕದ ಮನೆಯಾಕೆ, ಹೊಸ ಸೊಸೆಯನ್ನು ಬೀರುವಿನಲ್ಲಿ ಕೂಡಿಹಾಕಿ ಅಕ್ಷರ ಕಲಿಸುತ್ತಾರೆ ಎಂದು ಬೀದಿಗೆಲ್ಲ ಸಾರಿದ್ದಳು.

ಗಂಡ ಆ ಪ್ರೋಗ್ರಾಮನ್ನು ಮಾರಲಿಲ್ಲ. ಯಾರು ಬೇಕಾದರೂ ತಗೊಳ್ಳಿ, ಬಿಚ್ಚಿ ನೋಡಿ, ತಪ್ಪಿದ್ದರೆ ತಿದ್ದಿ ಕಳಿಸಿ ಎಂದು ಜಗತ್ತಿನ ಮುಂದೆ ಇಟ್ಟುಬಿಟ್ಟರು. ಮುಕ್ತ ತಂತ್ರಾಂಶ ಅಂತ ಅವರು ಹೇಳಿದರೆ, ಬಿಟ್ಟಿ ತಂತ್ರಾಂಶ ಅಂತ ಅವಳು ತಿದ್ದುತ್ತಿದ್ದಳು. ಆದರೂ ಕಾಣದ ಊರುಗಳಿಂದ ಕಾಣದ ಜನ ತಿದ್ದಿ ಕಳಿಸುತ್ತಿದ್ದರು. ಪುಕ್ಕಟೆ ಕೆಲಸಕ್ಕೆ ಇಷ್ಟೊಂದು ಜನ ಜಗಳವಾಡುವುದನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಬಂದದ್ದನ್ನೆಲ್ಲ ಗಂಡ ಸಾಲು ಸಾಲಾಗಿ ಓದಿ, ಸರಿ ಕಂಡರೆ ಸೇರಿಸುತ್ತಿದ್ದರು. ಕೊನೆಯ ಸಹಿ ಹಾಕುವ ಅಧಿಕಾರ ಆ ರೂಮಿನ ಕಂಪ್ಯೂಟರಿಗೆ ಮಾತ್ರ ಇತ್ತು.

ಹಾಗೆ ಬಂದ ಹೊಸಬರಲ್ಲಿ ಒಬ್ಬರು ಗುಬ್ಬಿ. ಅದು ಅಡ್ಡಹೆಸರು, ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೊಳೆಯ ಆಚೆ ದಡದಿಂದ ಬರೆಯುತ್ತಾರೆ ಎಂಬುದಷ್ಟೇ ಗೊತ್ತು. ಹೊಳೆಯ ಆಚೆ ಎಂದರೆ ಬೇರೆ ದೇಶ. ಭಾಷೆ ಒಂದೇ, ಬಾವುಟ ಬೇರೆ. ಆಗಿನ್ನೂ ಸಂಬಂಧ ಅಷ್ಟು ಹಳಸಿರಲಿಲ್ಲ.

ಗುಬ್ಬಿ ಕಳಿಸಿದ ಮೊದಲ ತಿದ್ದುಪಡಿ ಕೇಳಿದ ದಿನ ಗಂಡ ಅಂಗಡಿಗೆ ಓಡಿಬಂದಿದ್ದರು. ಅಲ್ಲಿಯವರೆಗೆ ದನಿ ವಾಕ್ಯದ ನಡುವೆ ನಿಲ್ಲದೆ, ಅಟ್ಟಿಸಿಕೊಂಡು ಬಂದವರ ಹಾಗೆ ಓದುತ್ತಿತ್ತು. ಗುಬ್ಬಿ ಅದಕ್ಕೆ ನಿಲ್ಲುವುದನ್ನು ಕಲಿಸಿದ್ದರು.

"ನೋಡೇ ಇಲ್ಲಿ," ಎಂದು ಫೋನನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟರು. "ಇಷ್ಟು ವರ್ಷ ಆದ್ಮೇಲೆ ನಿಂಗೆ ಉಸಿರು ಬಂತು."

ನಿಜ. ಅಲ್ಪವಿರಾಮ ಬಂದಲ್ಲೆಲ್ಲ ಅವಳ ದನಿ ಚೂರು ನಿಂತು, ಉಸಿರೆಳೆದು, ಮುಂದೆ ಹೋಗುತ್ತಿತ್ತು. ಅವಳಿಗೆ ಯಾಕೋ ಮೈ ಜುಂ ಎಂದಿತು. ತನ್ನನ್ನು ನೋಡದ ಯಾರೋ ತಾನು ಎಲ್ಲಿ ಉಸಿರಾಡಬೇಕೆಂದು ತೀರ್ಮಾನಿಸಿದ್ದಾರೆ. ಅದು ಅವಳಿಗೆ ಹಿಡಿಸಲಿಲ್ಲ.

*

ಹತ್ತಿರದವರು, ದೂರದವರು, ಬೀದಿಯವರು ಬಂದು ಹೋಗುತ್ತಿದ್ದರು. ಹಜಾರದ ಮಂಚದ ಮೇಲೆ ಗಂಡ ಹೊಸ ಅಂಗಿಯಲ್ಲಿ ಮಲಗಿದ್ದರು. ಮುಂದಿನಿಂದ ನೋಡಿದರೆ ಎಲ್ಲಿಗೋ ಹೊರಟವರಂತೆ. ಟೈಲರಕ್ಕ ತಲೆಯ ಹತ್ತಿರ ಕೂತಿದ್ದಳು. ಕೀ ಸೊಂಟದಲ್ಲಿತ್ತು. ಅಳು ಬಂದಾಗ ಅಳುತ್ತಿದ್ದಳು, ಆದರೆ ಕಣ್ಣು ಬಾಗಿಲ ಮೇಲೇ.

ಹಿಂದೆ ಎಂದೂ ಅವಳು ಜನರನ್ನು ಹೀಗೆ ನೋಡಿದ್ದಿಲ್ಲ. ಕ್ಯಾಮೆರಾ ಚೀಲ ಹೆಗಲಿಗೇರಿಸಿಕೊಂಡ ಒಬ್ಬ ಹುಡುಗ ಬಂದ. ಯಾರು? ಕಂಪ್ಯೂಟರ್ ಅಂಗಡಿಯವನಂತೆ. ಇರಬಹುದು. ಚೀಲವನ್ನು ಯಾಕೆ ಕೆಳಗಿಡುತ್ತಿಲ್ಲ? ಬಿಳಿ ಶರಟಿನ ಇನ್ನೊಬ್ಬ ದೂರದಿಂದ ಕೈ ಮುಗಿದು, ರೂಮಿನ ಕಡೆ ಹಾಯಿಸಿದ ಕಣ್ಣನ್ನು ಬೇಗ ತೆಗೆಯಲಿಲ್ಲ. ಯಾಕೆ? ಆಮೇಲೆ ಅವನು ಮೆಲ್ಲಗೆ, ಬಚ್ಚಲು ಎಲ್ಲಿದೆ ಎಂದು ಮೈದುನನನ್ನು ಕೇಳಿದ. ಅವಳಿಗೆ ನಾಚಿಕೆಯಾಯಿತು. ಆದರೂ ಅವನು ಬಚ್ಚಲಿಂದ ಹೊರಬರುವವರೆಗೆ ಎಣಿಸುತ್ತಿರುವವಳಂತೆ ಕಾದಳು.

ಎದುರು ಬದಿಯ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಪೇಪರು ಓದುತ್ತ ನಿಂತಿದ್ದ. ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು. ಅವನನ್ನು ಮಾತ್ರ ಅವಳು ಗುರುತು ಹಿಡಿದಳು. ಬೇಸಿಗೆಯಲ್ಲಿ ಮನೆಗೆ ಬಂದ ಇಬ್ಬರಲ್ಲಿ ಅವನೊಬ್ಬ.

ಗಡ್ಡದ ಮೇಷ್ಟ್ರು ಬಂದವರೇ ಅಣ್ಣನ ಕಾಲು ಹಿಡಿದು ಹೋ ಎಂದು ಅತ್ತರು. ಕಣ್ಣೊರೆಸಿಕೊಂಡು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದರು: "ಬೀಗ ಹಾಕಿದ್ರಾ?"

"ಹಾಕಿದ್ದೀನಿ. ಆ ಗುಬ್ಬಿ ನೋಡೋಕೆ ಹೇಗಿದ್ದಾನೆ? ಹೇಳು, ಬಂದ್ರೆ ಗೊತ್ತಾಗ್ಬೇಕಲ್ಲ."

"ಅದೇ ಅಕ್ಕಾ ಸಮಸ್ಯೆ. ಯಾರೂ ನೋಡಿಲ್ಲ. ಎರಡು ವರ್ಷ ನಮ್ಮ ಜೊತೆ ಕೆಲಸ ಮಾಡಿದಾನೆ, ಒಂದು ಮೀಟಿಂಗಲ್ಲೂ ಕ್ಯಾಮೆರಾ ಹಾಕಿಲ್ಲ, ಬಾಯಿ ಬಿಟ್ಟಿಲ್ಲ, ಬರೀ ಟೈಪ್ ಮಾಡ್ತಾನೆ. ಪರದೆ ಚಿತ್ರ ತೆಗೆದು ಕಳಿಸಪ್ಪಾ ಅಂದ್ರೆ ಅದೂ ಇಲ್ಲ, ಏನೋ ಒಂದು ನೆಪ. ಯಾವ ಹೊತ್ತಲ್ಲಿ ಕೇಳಿದ್ರೂ ಉತ್ತರ ಬರುತ್ತೆ. ಮನುಷ್ಯರು ನಿದ್ದೆ ಮಾಡಲ್ವಾ? ಅದು ಒಬ್ಬ ಅಲ್ಲ ಅಕ್ಕಾ, ಒಂದು ಆಫೀಸು. ಪಾಳಿ ಮೇಲೆ ಕೂತು ಬರೀತಾರೆ ಅಂತ ನಂಗೆ ಅನುಮಾನ."

"ಅಷ್ಟು ಜನ ಸೇರ್ಕೊಂಡು ನಮ್ಮ ದನೀಗೆ ಏನು ಮಾಡ್ತಾರೆ?"

"ಅದು ಎಷ್ಟು ಸರ್ಕಾರಿ ಆಫೀಸಲ್ಲಿ ಓಡ್ತಿದೆ ಗೊತ್ತಾ? ಮೊದ್ಲು ಒಳ್ಳೆ ಕೆಲಸ ಮಾಡಿ ನಂಬಿಸ್ತಾರೆ. ಆಮೇಲೆ ಹಿಂಬಾಗಿಲು ಇಡ್ತಾರೆ. ಅದಕ್ಕೆ ಆ ರೂಮಿನ ಸಹಿ ಬೇಕು. ಓದೋದು ನಿಮ್ಮ ದನಿ, ಕೇಳಿಸ್ಕೊಳ್ಳೋದು ಅವರ ಕಿವಿ."

ಟೈಲರಕ್ಕ ಸೊಂಟ ಮುಟ್ಟಿ ನೋಡಿಕೊಂಡಳು. ಕೀ ಇತ್ತು.

*

ಬೇಸಿಗೆಯಲ್ಲಿ ಗಡಿಯ ಸೇತುವೆಯ ಮೇಲೆ ಗುಂಡು ಹಾರಿತ್ತು. ಅದಾದ ಮೇಲೆ ಹೊಳೆಯಾಚೆಯ ಎಲ್ಲದರ ಮೇಲೂ ಜನರ ಕಣ್ಣು ಕೆಂಪಾಯಿತು. ಇಲಾಖೆಯಿಂದ ಇಬ್ಬರು ಮನೆಗೆ ಬಂದರು. ಯಾವ ಇಲಾಖೆ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಟೀ ಕುಡಿದರು, ಹೊಲಿಗೆ ಚೆನ್ನಾಗಿದೆ ಎಂದು ಕಿಟಕಿಯ ಪರದೆ ಹೊಗಳಿದರು, ಆಮೇಲೆ ಗುಬ್ಬಿ ಯಾರು ಎಂದು ಕೇಳಿದರು.

"ಮುಖ ಗೊತ್ತಿಲ್ಲ ಸಾರ್. ಕೆಲಸ ಗೊತ್ತು," ಎಂದಿದ್ದರು ಗಂಡ. "ಕಳಿಸಿದ್ದನ್ನ ಒಂದೊಂದು ಸಾಲೂ ಓದಿದ್ದೀನಿ. ಕೊಳಕು ಇದ್ದಿದ್ರೆ ಕಣ್ಣಿಗೆ ಬೀಳ್ತಿತ್ತು. ಎಲ್ಲಾ ತೆರೆದೇ ಇದೆ, ನೀವೂ ಓದಿ."

"ನಮಗೆ ಅಷ್ಟೆಲ್ಲ ಓದೋಕೆ ಪುರುಸೊತ್ತಿಲ್ಲ ಯಜಮಾನರೇ," ಎಂದ ಹೊಳೆಯುವ ಬೂಟಿನವನು ನಗುತ್ತ. ಹೊರಡುವಾಗ ಹೊಸಿಲಲ್ಲಿ ನಿಂತು, "ನಿಮ್ಮ ತಮ್ಮಂದು ನೀರು ಸರಬರಾಜು ಆಫೀಸಲ್ಲಿ ಫೋನ್ ಎತ್ತೋ ಕೆಲಸ ಅಲ್ವಾ? ಪಾಪ, ಸರ್ಕಾರಿ ಕೆಲಸ ಸಿಗೋದೇ ಕಷ್ಟ," ಎಂದು ಹೇಳಿ ಹೋದ.

ಆಮೇಲೆ ಗಂಡನನ್ನು ಕರೆಸಿ ಇಡೀ ದಿನ ಬೆಂಚಿನ ಮೇಲೆ ಕೂರಿಸಿದರು. ಯಾರೂ ಏನೂ ಕೇಳಲಿಲ್ಲವಂತೆ. ಸಂಜೆ ಮನೆಗೆ ಹೋಗಿ ಎಂದರಂತೆ. ಬೈದಿದ್ದರೂ ಇಷ್ಟು ಹೆದರುತ್ತಿರಲಿಲ್ಲ ಎಂದು ಗಂಡ ಹೇಳಿದ್ದರು. ಸ್ವಯಂಸೇವಕರ ಗುಂಪಿನಲ್ಲಿ ಗಡ್ಡದ ಮೇಷ್ಟ್ರೇ ಮುಂದಾಗಿ ಕೈ ಎತ್ತಿಸಿದರು: ಹೊಳೆಯಾಚೆಯ ಯಾರೂ ಬೇಡ. ಆದರೆ ಹೆಸರು ಅಳಿಸಬೇಕಾದದ್ದು ಗಂಡನ ಕೈ.

"ತೆಗೆದೆ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರು.

"ಪೀಡೆ ತೊಲಗಿತು ಬಿಡಿ," ಎಂದಿದ್ದಳು ಅವಳು.

ಗಂಡ ಅವಳನ್ನು ಒಂದು ಕ್ಷಣ ನೋಡಿದರು. ಅಂದಿನಿಂದ ಊಟ ಕಡಿಮೆಯಾಯಿತು. ರೂಮಿಗೆ ಹೋಗುವುದು ನಿಂತಿತು. ಅದರ ಬದಲು ಫೋನು ಹಿಡಿದು ತಾರಸಿಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ಅವಳು ಮೆಟ್ಟಿಲು ಹತ್ತಿದಾಗ ಫೋನಿನಿಂದ ಒಂದು ಹೆಣ್ಣಿನ ದನಿ ಕೇಳಿಸಿತು. "ಇರಲಿ ಬಿಡೀ ಸಾರ್..." ಕೊನೆಯನ್ನು ಹಾಡಿನ ಹಾಗೆ ಎಳೆದ ಮಾತು. ಅವಳನ್ನು ಕಂಡದ್ದೇ ಗಂಡ ಫೋನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಯಾರು ಎಂದು ಅವಳು ಕೇಳಲಿಲ್ಲ. ಕೇಳದೇ ಇದ್ದದ್ದು ಹೊಟ್ಟೆಯೊಳಗೆ ಕೂತು ಬೇರುಬಿಟ್ಟಿತು. ಈ ವಯಸ್ಸಿನಲ್ಲಿ! ಬಟ್ಟೆ ಮಡಚುವಾಗಲೆಲ್ಲ ಆ ಎಳೆದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನಿನ್ನೆ ಮಧ್ಯಾಹ್ನ ಮಲಗಿದ ಗಂಡ ಏಳದೇ ಹೋದಾಗಲೂ, ಅಳುವಿನ ಅಡಿಯಲ್ಲಿ ಅದು ಹಾಗೇ ಇತ್ತು.

*

ಬಿಸಿಲು ಏರುವ ಹೊತ್ತಿಗೆ ಮೈದುನನ ಗೆಳೆಯರು ಬಂದರು. ಒಬ್ಬರ ಹಿಂದೆ ಒಬ್ಬರು, ಬಿಳಿ ಕೋಲುಗಳು ಹೊಸಿಲಿಗೆ ತಗುಲಿ ಟಕ್ ಟಕ್ ಎಂದವು. ಎಲ್ಲರೂ ದನಿಯನ್ನು ಬಳಸುವವರು. ಹಜಾರದ ಗೋಡೆಗುಂಟ ಸಾಲಾಗಿ ಕೂತರು. ಇವರ ಮೇಲೆ ಯಾರೂ ಕಣ್ಣಿಡಲಿಲ್ಲ. ಗಡ್ಡದ ಮೇಷ್ಟ್ರು ಜಾಗ ಬಿಟ್ಟು ಸರಿದು ನಿಂತರು. ಬೂಟಿನವನು ಪೇಪರಿನ ಹಾಳೆ ತಿರುವಿದ.

ಟೈಲರಕ್ಕ ಎದ್ದು ನೀರು ಕೊಡುತ್ತ ಬಂದಳು. ಸಾಲಿನ ತುದಿಯಲ್ಲಿ ಅವಳದೇ ವಯಸ್ಸಿಗೆ ಹತ್ತಿರದ ಒಬ್ಬ ಹೆಂಗಸು, ಕಣ್ಣಿಗೆ ಕಪ್ಪು ಕನ್ನಡಕ, ತೊಡೆಯ ಮೇಲೆ ಮಡಚಿದ ಕೋಲು, ಪಾದದ ತುಂಬ ದೂಳು.

"ನೀರು ಕುಡೀತೀರಾ?"

ಹೆಂಗಸು ಬೆಚ್ಚಿಬಿದ್ದಳು. ಹಿಡಿಯಲು ಬಂದ ಕೈ ಲೋಟಕ್ಕೆ ತಗುಲಿ ನೀರು ಇಬ್ಬರ ಮೇಲೂ ಚೆಲ್ಲಿತು. "ಇನ್ನೊಂದ್ಸಲ ಹೇಳ್ತೀರಾ?"

"ನೀರು ಕುಡೀತೀರಾ ಅಂದೆ."

ಹೆಂಗಸಿನ ಮುಖ ಮುದುಡಿತು. ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರುಮಾಡಿದಳು. ಟೈಲರಕ್ಕನಿಗೆ ಇದು ಹೊಸದಲ್ಲ. ಪುಸ್ತಕ ಓದಿದ, ಸುದ್ದಿ ಓದಿದ, ಬಂದ ಪತ್ರಗಳನ್ನೆಲ್ಲ ಓದಿದ ದನಿ ಎದುರಿಗೇ ನಿಂತು ಮಾತಾಡಿದಾಗ ದೂರದಿಂದ ಬಂದವರು ಹೀಗೆ ಮಾಡುವುದುಂಟು.

"ಅಳಬೇಡಿ. ಲೋಟ ನಾನೇ ಸರಿಯಾಗಿ ಕೊಡ್ಲಿಲ್ಲ."

"ಇರಲಿ ಬಿಡೀ..." ಎಂದಳು ಹೆಂಗಸು.

ಟೈಲರಕ್ಕ ಅಲ್ಲೇ ಕಲ್ಲಾದಳು. ಅದೇ ಎಳೆತ. ಅದೇ ಹಾಡು. ತಾರಸಿಯ ಮೇಲಿನ ಒಣಗಿದ ಬಟ್ಟೆಗಳ ವಾಸನೆ ಮೂಗಿಗೆ ಬಡಿದಂತಾಯಿತು. ಅವಳು ಹೆಂಗಸಿನ ರಟ್ಟೆ ಹಿಡಿದು ಎಬ್ಬಿಸಿದಳು. "ಒಳಗೆ ಬನ್ನಿ. ಬಟ್ಟೆ ಒದ್ದೆಯಾಗಿದೆ," ಎಂದು ಬೇರೆಯವರಿಗೆ ಕೇಳುವಂತೆ ಹೇಳಿ, ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಯಾರು ನೀನು? ನನ್ನ ಗಂಡನ ಜೊತೆ ನಿಂಗೇನು ಮಾತು?"

ಹೆಂಗಸು ಕೈಚಾಚಿ ಗೋಡೆ ಹುಡುಕಿದಳು. ಗೋಡೆ ಸಿಕ್ಕಿದ ಮೇಲೆ ನೆಟ್ಟಗೆ ನಿಂತಳು.

"ನಾನೇ ಅಕ್ಕ ಗುಬ್ಬಿ."

ಹೊರಗೆ ಯಾರೋ ಕೆಮ್ಮಿದರು. ಟೈಲರಕ್ಕನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಒಂದು ಪೆದ್ದು ಸಮಾಧಾನ. ಅದು ಬಂದದ್ದಕ್ಕೆ ಇನ್ನಷ್ಟು ಸಿಟ್ಟು.

"ಸುಳ್ಳು. ಗುಬ್ಬಿ ಗಂಡಸು."

"ನಾನೆಲ್ಲೂ ಹಾಗೆ ಹೇಳ್ಲಿಲ್ಲ. ಅವರೇ ಅಂದ್ಕೊಂಡ್ರು."

"ಕ್ಯಾಮೆರಾ ಯಾಕೆ ಹಾಕ್ಲಿಲ್ಲ?"

"ಕ್ಯಾಮೆರಾದಲ್ಲಿ ನಂಗೇನು ಕೆಲಸ ಅಕ್ಕ?"

"ಪರದೆ ಚಿತ್ರ ಕೇಳಿದ್ರೆ ಯಾಕೆ ಕಳಿಸ್ಲಿಲ್ಲ?"

"ನನ್ನ ಕಂಪ್ಯೂಟರಿನ ಪರದೆ ಕೆಟ್ಟು ಎಷ್ಟೋ ಕಾಲ ಆಯ್ತು. ರಿಪೇರಿ ಮಾಡಿಸಿ ಏನ್ಮಾಡ್ಲಿ?"

"ಯಾವ ಹೊತ್ತಲ್ಲಿ ಕೇಳಿದ್ರೂ ಉತ್ತರ ಬರ್ತಿತ್ತಂತೆ."

"ಆಸ್ಪತ್ರೆ ಫೋನ್ ಬೋರ್ಡಲ್ಲಿ ನಂದು ರಾತ್ರಿ ಪಾಳಿ. ಫೋನು ಬರದೇ ಇದ್ದಾಗ ಇದೇ ಕೆಲಸ. ಅಲ್ಲಿ ಬಾಯಿ ಬಿಡೋ ಹಾಗಿಲ್ಲ, ಬರೀ ಬರೆಯೋದು."

ಒಂದೊಂದಕ್ಕೂ ಉತ್ತರವಿತ್ತು. ಅದೇ ಟೈಲರಕ್ಕನ ಅನುಮಾನವನ್ನು ಕೆರಳಿಸಿತು. ಕೋಲು, ಕಪ್ಪು ಕನ್ನಡಕ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅವಳು ಸದ್ದಿಲ್ಲದೆ ಕೈಯೆತ್ತಿ ಹೆಂಗಸಿನ ಮುಖದ ಮುಂದೆ ಆಡಿಸಿದಳು.

"ಗಾಳಿ ಬಂತು ಅಕ್ಕ," ಎಂದಳು ಗುಬ್ಬಿ ಮೆಲ್ಲಗೆ. "ಬೇಜಾರಿಲ್ಲ. ಎಲ್ಲರೂ ಒಂದ್ಸಲ ಮಾಡಿ ನೋಡ್ತಾರೆ."

ಟೈಲರಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. "ಕಣ್ಣಿಲ್ಲ ಅಂತ ಹೇಳಿದ್ರೆ ಇಷ್ಟೆಲ್ಲ ರಾದ್ಧಾಂತ ಆಗ್ತಿತ್ತಾ?"

"ಹೇಳಿದ್ರೆ ನಾನು ಕಳಿಸಿದ್ದನ್ನೆಲ್ಲ ಪಾಪ ಅಂತ ಒಪ್ಕೊಂಡುಬಿಡ್ತಿದ್ರು. ನಿಮ್ಮೆಜಮಾನರು ಹಾಗೆ ಮಾಡ್ಲಿಲ್ಲ. ನನ್ನ ಕೆಲಸ ಸರಿಯಿಲ್ಲ ಅಂತ ಎಷ್ಟು ಸಲ ವಾಪಸ್ ಕಳಿಸಿದಾರೆ! ಬೈದಿದಾರೆ. ನನ್ನ ಜನ್ಮದಲ್ಲಿ ನನ್ನನ್ನ ಹಾಗೆ ಯಾರೂ ಬೈದಿರ್ಲಿಲ್ಲ." ಅವಳು ಇದನ್ನು ಹೆಮ್ಮೆಯಿಂದ ಹೇಳಿದಳು. "ಆಮೇಲೆ ಅವರಿಗೆ ಗೊತ್ತಾಯ್ತು. ಕಣ್ಣಿರೋರು ಮಾಡದ ತಪ್ಪು ಮಾಡ್ತೀಯ ನೀನು ಅಂದ್ರು. ಯಾರಿಗೂ ಹೇಳಬೇಡಿ ಅಂದೆ. ಹೇಳ್ಲಿಲ್ಲ."

"ಫೋನು?"

ಗುಬ್ಬಿ ತಡೆದು ತಡೆದು ಹೇಳಿದಳು. "ಹೆಸರು ತೆಗೆದಿದ್ದು ತಾನೇ ಅಂತ ಹೇಳೋಕೆ ಮಾಡಿದ್ರು. ತಮ್ಮನ ಕೆಲಸ ಹೋಗುತ್ತೆ ಅಂತ ಹೆದರಿಬಿಟ್ಟೆ ಅಂದ್ರು. ಇರಲಿ ಬಿಡಿ ಅಂದೆ. ಬಾಯಲ್ಲಿ ಅಂದೆ, ಅಷ್ಟೇ. ಮನಸ್ಸಲ್ಲಿ ಅಂದಿರ್ಲಿಲ್ಲ. ಆಮೇಲೆ ಎಷ್ಟೋ ಸಲ ಮಾಡಿದ್ರು. ನಾನು ಎತ್ತಲೇ ಇಲ್ಲ ಅಕ್ಕ. ಎತ್ತಲೇ ಇಲ್ಲ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಟೈಲರಕ್ಕ ಹೋಗಿ ಆರಿಸಿದಳು. ತಾರಸಿಯಲ್ಲಿ ಫೋನು ಕಿವಿಗಿಟ್ಟುಕೊಂಡು ಮಾತಿಲ್ಲದೆ ನಿಂತಿರುತ್ತಿದ್ದ ಗಂಡ ಕಣ್ಣಿಗೆ ಕಟ್ಟಿದರು. ಅವರು ಯಾರ ಮಾತನ್ನೋ ಕೇಳುತ್ತಿದ್ದಾರೆ ಎಂದುಕೊಂಡಿದ್ದಳು. ಕೇಳುತ್ತಿದ್ದದ್ದು ಆಚೆ ಕಡೆ ಬರೀ ಫೋನು ಬಡಿದುಕೊಳ್ಳುವ ಸದ್ದು.

"ಸೇತುವೆ ಮೇಲೆ ಹೇಗೆ ಬಿಟ್ರು ನಿನ್ನ?"

"ದನಿ ಬಳಸೋರ ಗುಂಪಲ್ಲಿ ನಿನ್ನೆ ರಾತ್ರಿ ಸುದ್ದಿ ಕೇಳ್ದೆ. ಈ ಕಡೆಯ ಕಣ್ಣಾಸ್ಪತ್ರೆಗೆ ತೋರಿಸ್ಬೇಕು ಅಂತ ಗಡೀಲಿ ಹೇಳ್ದೆ. ಇವತ್ತು ಸಂಜೆಯೊಳಗೆ ವಾಪಸ್ ಹೋಗ್ಬೇಕು. ಈ ವಯಸ್ಸಲ್ಲಿ ನಾನು ಕಣ್ಣು ತೋರಿಸೋದೇನು, ಅವರು ನಂಬೋದೇನು." ಗುಬ್ಬಿ ನಗಲು ನೋಡಿದಳು. ನಗು ದಡ ಸೇರಲಿಲ್ಲ.

ಸುಳ್ಳು ಹೇಳಿ ಗಡಿ ದಾಟಿದ್ದಾಳೆ ಎಂದಾಯಿತು. ಗಡಿಯಲ್ಲಿ ಸುಳ್ಳು ಹೇಳಿದವಳು ಅಡುಗೆಮನೆಯಲ್ಲಿ ಯಾಕೆ ಹೇಳಬಾರದು? ಕಣ್ಣಿಲ್ಲದವಳು ಗೂಢಚಾರಿಣಿ ಆಗಬಾರದು ಅಂತ ಎಲ್ಲಿದೆ? ಟೈಲರಕ್ಕ ಗುಬ್ಬಿಯ ಮುಖವನ್ನು ದಿಟ್ಟಿಸಿದಳು. ತಾನು ದಿಟ್ಟಿಸುತ್ತಿರುವುದು ಅವಳಿಗೆ ಕಾಣುವುದಿಲ್ಲ ಎಂಬುದು ಆಗ ಹೊಳೆಯಿತು. ಆದರೂ ಗುಬ್ಬಿ ತಲೆ ತಗ್ಗಿಸಿದ್ದಳು.

"ನನ್ನ ನೀವು ನಂಬಬೇಕು ಅಂತ ಇಲ್ಲ ಅಕ್ಕ," ಎಂದಳು. "ಅವರನ್ನ ಒಂದ್ಸಲ ಮುಟ್ಟಿ ಹೋಗ್ತೀನಿ."

*

ಶವವಾಹನ ಬಂದು ಬೀದಿಯಲ್ಲಿ ನಿಂತಿತು. ಟೈಲರಕ್ಕ ಗುಬ್ಬಿಯನ್ನು ಮಂಚದ ಹತ್ತಿರ ಕರೆತಂದಳು. ಗುಬ್ಬಿ ಹಣೆ ಮುಟ್ಟಿದಳು, ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು, ಏನೋ ಪಿಸುಗುಟ್ಟಿದಳು.

ಗಡ್ಡದ ಮೇಷ್ಟ್ರು ಪಕ್ಕಕ್ಕೆ ಬಂದರು. "ಅಕ್ಕಾ, ಎತ್ತೋ ಮೊದ್ಲು ಆ ಕಂಪ್ಯೂಟರ್ ನಂಗೆ ಕೊಟ್ಟುಬಿಡಿ. ಕಾರಲ್ಲಿ ಇಟ್ಕೊಂಡಿರ್ತೀನಿ. ಮನೇಲಿ ಯಾರೂ ಇರಲ್ಲ ಈಗ."

"ಬೆಳಗ್ಗೆಯಿಂದ ಬಂದವರೆಲ್ಲ ನನ್ನ ಗಂಡನ್ನ ನೋಡೋಕೆ ಬಂದಿದಾರೆ," ಎಂದಳು ಟೈಲರಕ್ಕ. "ರೂಮು ನೋಡೋಕೆ ಬಂದಿರೋನು ನೀನೊಬ್ಬನೇ."

ಮೇಷ್ಟ್ರ ಮುಖ ಪೆಟ್ಟು ತಿಂದಂತಾಯಿತು. "ಹಾಗನ್ಬೇಡಿ ಅಕ್ಕಾ. ಅವರು ನನ್ನನ್ನೂ ಕರೆಸಿದ್ರು. ನಂಗೂ ಮಕ್ಕಳಿದಾರೆ." ಹೇಳುತ್ತಲೇ ಅವರು ಬೀದಿಯಾಚೆಯ ಕಟ್ಟೆಯ ಕಡೆ ಕಣ್ಣು ಹಾಯಿಸಿದರು. ಅದನ್ನು ನೋಡಿ ಅವಳಿಗೆ ಹೇಳಿದ್ದು ಹೆಚ್ಚಾಯಿತೇನೋ ಅನ್ನಿಸಿತು. ಆದರೆ ಹೆದರಿದವರ ಕೈಯಲ್ಲಿ ಕೀ ಕೊಟ್ಟರೆ ಅದು ಯಾರ ಕೈಗೆ ಹೋಗುತ್ತದೆಂದು ಯಾರಿಗೆ ಗೊತ್ತು?

ನಾಲ್ಕು ಜನ ಎತ್ತಿದರು. ಗಂಡ ಬೀದಿಗೆ ಬಂದರು. ಬೂಟಿನವನು ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು, ತಲೆ ಬಾಗಿಸಿ ರಸ್ತೆ ದಾಟಿದ.

"ದೊಡ್ಡ ದುಃಖ ಅಮ್ಮಾ. ಒಳ್ಳೇ ಮನುಷ್ಯ." ಅವನ ಕಣ್ಣು ಗುಬ್ಬಿಯ ಮೇಲೆ ನಿಂತಿತು. "ಇವರು? ಈ ಬೀದೀಲಿ ನೋಡಿದ ಹಾಗಿಲ್ಲ."

ಗುಬ್ಬಿಯ ಬಾಯಿ ತೆರೆಯಿತು. ಒಂದು ಮಾತಾಡಿದರೆ ಸಾಕು, ಆ ಎಳೆತ ಹೊಳೆಯಾಚೆಯದು ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಟೈಲರಕ್ಕ ಗುಬ್ಬಿಯ ಕೈಯನ್ನು ಗಟ್ಟಿಯಾಗಿ ಅದುಮಿದಳು.

"ನನ್ನ ಸೋದರತ್ತೆ ಮಗಳು."

"ಯಾವೂರಮ್ಮಾ ನಿಮ್ದು?" ಬೂಟಿನವನು ಗುಬ್ಬಿಯನ್ನೇ ಕೇಳಿದ.

"ಬೆಳಗ್ಗೆಯಿಂದ ಅತ್ತು ಅತ್ತು ಅವಳ ಗಂಟಲು ಕಟ್ಟಿದೆ. ನಿಮಗೆ ಕೇಳೋದಿದ್ರೆ ನನ್ನ ಕೇಳಿ. ಇಲ್ಲಾ, ನಾಳೆ ಬನ್ನಿ. ಹಿಂದೆ ಬಂದಾಗ ಟೀ ಕೊಟ್ಟಿದ್ದೆ, ನಾಳೇನೂ ಕೊಡ್ತೀನಿ."

ಸುತ್ತಲಿನವರು ತಿರುಗಿ ನೋಡಿದರು. ಹೆಣ ಬೀದಿಯಲ್ಲಿರುವಾಗ ವಿಚಾರಣೆ ಮಾಡುವವನನ್ನು ಬೀದಿ ಹೇಗೆ ನೋಡುತ್ತದೋ ಹಾಗೆ. ಬೂಟಿನವನು ಪಕ್ಕದಲ್ಲಿದ್ದ ಗಡ್ಡದ ಮೇಷ್ಟ್ರ ಕಡೆ ತಿರುಗಿದ. "ನೀವು ಮನೆಯವರ ಥರ. ನಿಮಗೆ ಗೊತ್ತಿರಬೇಕಲ್ಲ ಇವರು?"

ಮೇಷ್ಟ್ರು ಗುಬ್ಬಿಯನ್ನು ನೋಡಿದರು. ಮಡಚಿದ ಕೋಲನ್ನು ನೋಡಿದರು. ಟೈಲರಕ್ಕ ಅದುಮಿ ಹಿಡಿದ ಕೈಯನ್ನು ನೋಡಿದರು. ಅವರ ಮುಖದಲ್ಲಿ ಏನೋ ಒಂದು ಲೆಕ್ಕ ಹಿಂದಿನಿಂದ ಮುಂದಕ್ಕೆ ಕೂಡಿ ಬರುತ್ತಿರುವುದು ಅವಳಿಗೆ ಕಂಡಿತು. ಕ್ಯಾಮೆರಾ. ಪರದೆಯ ಚಿತ್ರ. ಯಾವ ಹೊತ್ತಿಗೂ ಬರುವ ಉತ್ತರ. ಅವಳು ಉಸಿರು ಬಿಗಿಹಿಡಿದಳು.

ಮೇಷ್ಟ್ರು ಬೂಟಿನವನ ಕಡೆ ತಿರುಗಿದರು. "ಅಕ್ಕನ ಕಡೆಯವರು," ಎಂದರು. ಬೇಗ ಹೋಗಿ ವಾಹನದ ಬಾಗಿಲು ಹಿಡಿದು ನಿಂತರು. ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ. ಇವತ್ತು ಬಾಯಿ ಮುಚ್ಚಿದವರು ನಾಳೆಯೂ ಮುಚ್ಚಿರುತ್ತಾರೋ ಇಲ್ಲವೋ, ಟೈಲರಕ್ಕನಿಗೆ ಅವರ ಬೆನ್ನು ಏನನ್ನೂ ಹೇಳಲಿಲ್ಲ.

ಚಿತಾಗಾರ ಊರಾಚೆಯ ದಿಬ್ಬದ ಮೇಲಿತ್ತು. ವಾಹನ ಗೇಟಿನವರೆಗೆ ಮಾತ್ರ. ಅಲ್ಲಿಂದ ಕಲ್ಲಿನ ಮೆಟ್ಟಿಲು. ಗಂಡನನ್ನು ಹೊತ್ತವರು ಆಗಲೇ ಹತ್ತತೊಡಗಿದ್ದರು. ಗುಬ್ಬಿ ಟೈಲರಕ್ಕನ ಮೊಣಕೈ ಹಿಡಿದಳು. ಆ ಹಿಡಿತ ಬೇಕಾದ್ದಕ್ಕಿಂತ ಬಿಗಿಯಾಗಿತ್ತು. ದುಃಖಕ್ಕೋ, ಹೆದರಿಕೆಗೋ, ಬೇರೆ ಯಾವುದಕ್ಕೋ ತಿಳಿಯಲಿಲ್ಲ. ಟೈಲರಕ್ಕ ಮೊಣಕೈ ಬಿಡಿಸಿಕೊಳ್ಳಲಿಲ್ಲ. ಗುಬ್ಬಿಯ ಹೆಗಲ ಮೇಲೆ ಮೈದುನ ಕೈಯಿಟ್ಟ. ಅವನ ಹೆಗಲ ಮೇಲೆ ಅವನ ಗೆಳೆಯ, ಅವನ ಹಿಂದೆ ಇನ್ನೊಬ್ಬ, ಹೀಗೆ ಸಾಲು ಗೇಟಿನ ಹೊರಗಿನವರೆಗೂ ಬೆಳೆಯಿತು. ಬೂಟಿನವನು ಕೊನೆಯಲ್ಲಿ, ಸ್ವಲ್ಪ ಅಂತರ ಬಿಟ್ಟು, ಬರುತ್ತಿದ್ದ.

ಟೈಲರಕ್ಕ ಮುಂದೆ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೆಟ್ಟಿಲು."

ಒಂದು ಕ್ಷಣ ನಿಂತಳು. ಉಸಿರೆಳೆದುಕೊಂಡಳು.

"ಇನ್ನೊಂದು."

ಅಷ್ಟೂ ಕಾಲುಗಳು ಒಟ್ಟಿಗೆ ಮೇಲೆದ್ದವು. ಸಾಲಿನ ಕೊನೆಯಲ್ಲಿ, ಮೆಟ್ಟಿಲು ಇನ್ನೂ ದೂರವಿದ್ದರೂ, ಹೊಳೆಯುವ ಬೂಟೂ ನೆಲ ಬಿಟ್ಟೆದ್ದಿತು.